ತಾನೇ ಬಲಕ್ಕೆ ಸರಿದ ಚುಕ್ಕೆ

ನನ್ನ ಕಸುಬಿನಲ್ಲಿ ಇಲ್ಲಿಯವರೆಗೆ ಎಷ್ಟು ಸಾಲು ಪ್ರೋಗ್ರಾಂ ಬರೆದಿದ್ದೇನೆ ಎಂದು ಯಾರೂ ಕೇಳಿಲ್ಲ, ನಾನೂ ಎಣಿಸಿಲ್ಲ. ಆದರೆ ಅದರಲ್ಲಿ ಒಂದು ಸಾಲು ಮಾತ್ರ ಬಾಯಿಪಾಠವಾಗಿ ಉಳಿದಿದೆ. ಅದನ್ನು ಬರೆದದ್ದು ಆಳಂದದಲ್ಲಿ, ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ಅಳಿಸಿದ್ದು ಅಫಜಲಪುರದಲ್ಲಿ, ಒಂದು ಶಾಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ಬರೆದದ್ದಕ್ಕೆ ನನಗೆ ಅಂಥ ನಾಚಿಕೆಯೇನಿಲ್ಲ, ತಪ್ಪು ಯಾರಿಂದಲೂ ಆಗುತ್ತದೆ. ನಾಚಿಕೆ ಇರುವುದು ಅಳಿಸಿದ್ದಕ್ಕೆ.

ಆಗ ನನಗೆ ಇಪ್ಪತ್ತಮೂರು. ಗುಲ್ಬರ್ಗದಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತು ನಮ್ಮೂರು ಆಳಂದಕ್ಕೆ ಮರಳಿದ್ದೆ. ಮರಳಿದೆ ಅನ್ನುವುದಕ್ಕಿಂತ ದಿಗ್ವಿಜಯ ಮಾಡಿ ಬಂದೆ ಎಂದೇ ನಾನು ತಿಳಿದಿದ್ದೆ. ನಮ್ಮೂರಿನಲ್ಲಿ ಆಗ ಒಂದು ಖಾಸಗಿ ಕಣ್ಣಿನ ದವಾಖಾನೆ ಇತ್ತು, ಈಗ ಇಲ್ಲ. ಅದರ ಡಾಕ್ಟರರಿಗೆ ಯಾರೋ ಒಂದು ಕಂಪ್ಯೂಟರ್ ದಾನ ಕೊಟ್ಟಿದ್ದರು. ಎರಡು ತಿಂಗಳು ಅದರ ಮೇಲೆ ಹೂಗಳಿರುವ ಟವೆಲ್ ಹೊದಿಸಿಟ್ಟು, ಕೊನೆಗೆ ನನ್ನನ್ನು ಕರೆಸಿ, "ಏನಪಾ, ಪೇಷಂಟ್ ಮಂದಿ ಹೆಸರು ಇದರಾಗ ಬರಕೊಳ್ಳೋದು ಆಗ್ತದೇನು? ಚೀಟಿ ಇದರಾಗಿಂದನೇ ಬರಬೇಕು ನೋಡು," ಎಂದರು. ಆಗದೆ ಏನು, ಎಂದೆ. ಹದಿನೈದು ದಿನ ಸಾಕು ಎಂದೆ. ಹದಿನೈದು ದಿನ ಅನ್ನುವುದು ನಮ್ಮ ಕಸುಬಿನವರು ಹೇಳುವ ಮೊದಲ ಸುಳ್ಳು ಎಂದು ಆಗ ನನಗೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಒಂದು ಫಾರ್ಮು ಕಟ್ಟಿದೆ. ಹೆಸರು, ವಯಸ್ಸು, ಊರು, ತಂದೆಯ ಅಥವಾ ಗಂಡನ ಹೆಸರು, ಆಮೇಲೆ ಯಾವ ಕಣ್ಣು. ಕಣ್ಣಿಗೆ ಮಾತ್ರ ಬರೆಯುವ ಪೆಟ್ಟಿಗೆಯ ಬದಲು ಎರಡು ಸಣ್ಣ ವೃತ್ತ ಇಟ್ಟೆ. ಒಂದು ಬಲ, ಒಂದು ಎಡ. ಯಾವುದನ್ನು ಒತ್ತಿದರೆ ಅದರಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಇನ್ನೊಂದು ಖಾಲಿಯಾಗುತ್ತದೆ. ಕೆಳಗೆ "ಉಳಿಸು" ಎಂಬ ಬಟನ್. ಅದನ್ನು ಒತ್ತಿದರೆ ಪಕ್ಕದ ಪ್ರಿಂಟರ್ ಕರಕರ ಅನ್ನುತ್ತ ಚೀಟಿ ಕೊಡುತ್ತದೆ. ಫಾರ್ಮಿಗೆ ತಿಳಿನೀಲಿ ಬಣ್ಣ ಕೊಟ್ಟು, ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ ಕೂಡಿಸಿ, ಅದನ್ನು ನೋಡುತ್ತ ನಾನೇ ಖುಷಿಪಟ್ಟಿದ್ದೆ.

ತೋರಿಸುವ ದಿನ ಮೊದಲನೆಯ ಅವಮಾನವಾಯಿತು. ನಾನು ಕಟ್ಟಿದ್ದು ಗುಲ್ಬರ್ಗದ ಗೆಳೆಯನ ದೊಡ್ಡ ಪರದೆಯಲ್ಲಿ. ದವಾಖಾನೆಯ ಪರದೆ ಅದಕ್ಕಿಂತ ಸಣ್ಣದು. ಎಲ್ಲವೂ ಕಾಣುತ್ತಿತ್ತು, "ಉಳಿಸು" ಬಟನ್ ಮಾತ್ರ ಪರದೆಯ ಕೆಳಗೆ ಎಲ್ಲೋ ಮರೆಯಾಗಿತ್ತು. ಡಾಕ್ಟರರು, ಕಂಪೌಂಡರ್, ಚೀಟಿಗಾಗಿ ಕಾದಿದ್ದ ಏಳೆಂಟು ಜನ ಮುದುಕರು, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ನಾನು ಮೌಸ್ ಹಿಡಿದು ಟೇಬಲ್ಲಿನ ಅಂಚಿನವರೆಗೆ ಎಳೆಯುತ್ತಿದ್ದೇನೆ. ಕಂಪೌಂಡರ್, "ಬಟನ್ ಎಲ್ಲಿ ಅದರಿ, ಖಜೂರಿ ನಾಕಾ ದಾಟಿ ಮಹಾರಾಷ್ಟ್ರಕ್ಕ ಹೋಯ್ತೇನು?" ಎಂದ. ಎಲ್ಲರೂ ನಕ್ಕರು. ಆ ನಗೆ ನನಗೆ ಎಷ್ಟು ನಾಟಿತೆಂದರೆ, ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಮತ್ತೊಮ್ಮೆ ಯಾರೂ ನಗಬಾರದು ಎಂಬುದಕ್ಕಾಗಿಯೇ.

ಹೊಸ ಫಾರ್ಮನ್ನು ಸಣ್ಣದು ಮಾಡಿ ತಂದೆ. ಆಗ ಮತ್ತೊಂದು ತಕರಾರು. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಲು ಟ್ಯಾಬ್ ಕೀಲಿ ಒತ್ತಬೇಕು ಎಂದು ನಾನು ಹೇಳಿಕೊಟ್ಟರೂ ದವಾಖಾನೆಯವರೆಲ್ಲರ ಬೆರಳೂ ಎಂಟರ್ ಕೀಲಿಗೇ ಹೋಗುತ್ತಿತ್ತು. ಅದನ್ನೂ ಸರಿಮಾಡಿ, ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗುವಂತೆ ಮಾಡಿದೆ. ಹಾಗೆ ಮಾಡಿದ ಮೇಲೆ ಎಂಟರ್, ಎಂಟರ್ ಎಂದು ಒತ್ತುತ್ತ ಹೋದವರು ಕಣ್ಣಿನ ವೃತ್ತಗಳನ್ನು ಮುಟ್ಟದೆ ದಾಟಿಬಿಡುತ್ತಿದ್ದರು. ಆಗ ಯಂತ್ರ ಟಣ್ ಎಂದು ಸದ್ದು ಮಾಡಿ, "ಕಣ್ಣು ಆರಿಸಿಲ್ಲ" ಎಂದು ಪರದೆಯ ನಡುವೆ ಒಂದು ಪಟ್ಟಿ ತೋರಿಸುತ್ತಿತ್ತು. ಸಾಲಿನಲ್ಲಿ ನಿಂತವರು ಆ ಸದ್ದಿಗೆ ಬೆಚ್ಚಿ, ತಮಗೇ ಏನೋ ಆಗಿದೆ ಎಂದು ಹೆದರುತ್ತಿದ್ದರು. ಡಾಕ್ಟರರು ಒಳಗಿನಿಂದಲೇ, "ಆ ಗಂಟಿ ಬಂದ್ ಮಾಡೋ ಮಾರಾಯ," ಎಂದು ಕೂಗಿದರು.

ಬಂದ್ ಮಾಡಿದೆ. ಹೇಗೆಂದರೆ, ಗಂಡನ ಹೆಸರಿನ ಪೆಟ್ಟಿಗೆ ಮುಗಿಸಿ ಕೆಳಗಿಳಿದ ತಕ್ಷಣ ಚುಕ್ಕೆ ತಾನಾಗಿಯೇ ಬಲಗಣ್ಣಿನ ವೃತ್ತಕ್ಕೆ ಬೀಳುವಂತೆ ಒಂದು ಸಾಲು ಬರೆದೆ. ಎಡಗಣ್ಣು ಬೇಕಾದವರು ಬದಲಿಸಿಕೊಳ್ಳಲಿ. ವೃತ್ತ ಎಂದೂ ಖಾಲಿ ಇರುವುದಿಲ್ಲ, ಆದ್ದರಿಂದ ಗಂಟೆ ಎಂದೂ ಬಾರಿಸುವುದಿಲ್ಲ. ಕೂಗು ನಿಂತರೆ ಸಮಸ್ಯೆ ಬಗೆಹರಿಯಿತು ಎಂದು ತಿಳಿದ ಮೂರ್ಖ ನಾನು. ಮೂರ್ಖ ಎಂದು ಈಗ ಬರೆಯುವುದು ಸುಲಭ. ಅಂದು ನನ್ನ ಬುದ್ಧಿಗೆ ನಾನೇ ಭೇಷ್ ಎಂದಿದ್ದೆ.

ಆ ಟೇಬಲ್ಲಿನ ಮುಂದೆ ಕೂರುತ್ತಿದ್ದವಳು ಮಾವಶಿ. ಚಿಕ್ಕಮ್ಮನನ್ನು ಕರೆಯುವ ಆ ಮರಾಠಿ ಮಾತಿನಿಂದಲೇ ದವಾಖಾನೆಗೆ ಬಂದವರೆಲ್ಲ ಅವಳನ್ನು ಕರೆಯುತ್ತಿದ್ದರು. ಐವತ್ತು ದಾಟಿದ ವಿಧವೆ, ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಕರಡಿಗೆಯ ಲಿಂಗ. ಏಳನೆಯ ಇಯತ್ತೆಯವರೆಗೆ ಓದಿದ್ದಳು, ಅಕ್ಷರ ಮಾತ್ರ ಅಚ್ಚು ಹೊಡೆದ ಹಾಗೆ. ಹನ್ನೊಂದು ವರ್ಷದಿಂದ ದವಾಖಾನೆಯ ದಪ್ಪ ರಿಜಿಸ್ಟರ್ ಬರೆಯುತ್ತಿದ್ದವಳು ಅವಳೇ. ಅದರಲ್ಲಿ ಒಂದು ಕಾಟು ಹೊಡೆದದ್ದನ್ನು ನಾನು ನೋಡಿಲ್ಲ.

ಅವಳದೊಂದು ಪದ್ಧತಿ ಇತ್ತು. ಬಂದವರ ಒಂದು ಕಣ್ಣನ್ನು ತನ್ನ ಅಂಗೈಯಿಂದ ತಾನೇ ಮುಚ್ಚಿ, ಇನ್ನೊಂದು ಕೈಯ ಬೆರಳು ಎತ್ತಿ, "ಎಷ್ಟು ಹೇಳ್ರಿ?" ಎನ್ನುತ್ತಿದ್ದಳು. ಆಮೇಲೆ ಇನ್ನೊಂದು ಕಣ್ಣು. ಯಾವ ಕಣ್ಣಿಗೆ ಆಪರೇಷನ್ ಎಂದು ಡಾಕ್ಟರರು ಹೇಳಿದ ಮೇಲೂ ತಾನೊಮ್ಮೆ ನೋಡಿಯೇ ಬರೆಯಬೇಕು. ಬರೆದ ಮೇಲೆ ಬಿಳಿ ಅಂಟುಪಟ್ಟಿಯ ಒಂದು ತುಣುಕು ಕತ್ತರಿಸಿ ಆ ಕಣ್ಣಿನ ಹುಬ್ಬಿನ ಮೇಲೆ ಅಂಟಿಸುತ್ತಿದ್ದಳು. ಹಣೆಯ ಮೇಲೆ ಪಟ್ಟಿ ಅಂಟಿಸಿಕೊಂಡ ಮುದುಕರು ವರಾಂಡದಲ್ಲಿ ಸಾಲಾಗಿ ಕೂತಿರುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. "ಮಾವಶಿ, ಇನ್ನ ಈ ಪಟ್ಟಿ ಗಿಟ್ಟಿ ಬಿಡ್ರಿ. ಚೀಟ್ಯಾಗೇ ಬರ್ತದ ಯಾವ ಕಣ್ಣು ಅಂತ," ಎಂದೆ. ಅವಳು ಇನ್ನೊಂದು ತುಣುಕು ಕತ್ತರಿಸುತ್ತ, "ಚೀಟಿ ಕೈಯಾಗ ಇರ್ತದ ತಮ್ಮಾ, ಪಟ್ಟಿ ಕಣ್ಣಿನ ಮ್ಯಾಲೇ ಇರ್ತದ," ಎಂದಳು. ನಾನು ಡಾಕ್ಟರರಿಗೆ ಹೇಳಿ ಪಟ್ಟಿ ನಿಲ್ಲಿಸಿದೆ. ನನ್ನ ಯಂತ್ರಕ್ಕೆ ಅದರಿಂದ ಅವಮಾನವಾಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು, ನಿಜ ಹೇಳಬೇಕೆಂದರೆ.

ಆದರೂ ಅವಳು ಯಂತ್ರವನ್ನು ಕಲಿತ ಚಂದ ನೋಡಬೇಕಿತ್ತು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೂರುಗಳನ್ನು ಅಂಟಿಸಿಕೊಟ್ಟಿದ್ದೆ. ಒಂದು ವಾರಕ್ಕೆ ಹುಡುಕುವುದು ನಿಂತಿತು, ಇಪ್ಪತ್ತು ದಿನಕ್ಕೆ ನನಗಿಂತ ಜಲ್ದಿ ಹೊಡೆಯತೊಡಗಿದಳು. "ಈ ಡಬ್ಬಿ ಹೇಳಿದ್ದು ಕೇಳ್ತದ ನೋಡ ತಮ್ಮಾ, ಮನಿಯಾಗಿನ ಮಂದಿಗಿಂತ ಚಲೋ," ಎಂದು ನಗುತ್ತಿದ್ದಳು. ಮಗಳಿಗೆ ಪತ್ರ ಬರೆದು ತಾನು ಕಂಪ್ಯೂಟರ್ ಹೊಡೆಯುತ್ತೇನೆ ಎಂದು ತಿಳಿಸಿದ್ದಳಂತೆ.

ಆ ವರ್ಷದ ಚಳಿಗಾಲದಲ್ಲಿ ಅಫಜಲಪುರದಲ್ಲಿ ಕಣ್ಣಿನ ಶಿಬಿರ ನಡೆಯಿತು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ನುಗಳು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಕಣ್ಣು. ಒಂದು ಶಾಲೆಯನ್ನು ರಜೆಯಲ್ಲಿ ತೆಗೆದುಕೊಂಡಿದ್ದರು. ಕಂಪ್ಯೂಟರನ್ನು ಎರಡು ಕೌದಿಯಲ್ಲಿ ಸುತ್ತಿ ಜೀಪಿನಲ್ಲಿ ಹೊತ್ತು ತಂದೆವು. ಭೀಮಾ ನದಿಯ ದಂಡೆಯ ಹಳ್ಳಿಗಳಿಂದ ಟೆಂಪೋ ತುಂಬಿಕೊಂಡು ಜನ ಬಂದರು. ಮೊದಲ ದಿನ ನಮ್ಮ ಡಾಕ್ಟರರು ತಪಾಸಣೆ ಮಾಡಿ ಯಾವ ಕಣ್ಣೆಂದು ಬಾಯಲ್ಲಿ ಹೇಳುವುದು, ಮಾವಶಿ ಯಂತ್ರದಲ್ಲಿ ಬರೆದು ಚೀಟಿ ಕೊಡುವುದು. ಮರುದಿನ ಸೊಲ್ಲಾಪುರದಿಂದ ಬಂದ ಸರ್ಜನ್ ಒಬ್ಬರ ಹಿಂದೆ ಒಬ್ಬರಂತೆ ಆಪರೇಷನ್ ಮಾಡುವುದು. ಅವರ ಮುಂದೆ ಮಲಗಿಸುವ ಮೊದಲೇ ನರ್ಸುಗಳು ಚೀಟಿ ನೋಡಿ ಆ ಕಣ್ಣಿಗೆ ಹನಿ ಹಾಕಿ, ರೆಪ್ಪೆಗೂದಲು ಕತ್ತರಿಸಿ, ಇನ್ನೊಂದು ಕಣ್ಣನ್ನು ಹಸಿರು ಬಟ್ಟೆಯಿಂದ ಮುಚ್ಚಿರುತ್ತಿದ್ದರು.

ಘತ್ತರಗಿ ಕಡೆಯ ಒಂದು ಹಳ್ಳಿಯಿಂದ ಬಂದಿದ್ದ ಹೆಣ್ಣುಮಗಳು ಒಬ್ಬಳಿದ್ದಳು. ಅರವತ್ತರ ಆಸುಪಾಸು. ಎಡಗಣ್ಣು ಪೂರ್ತಿ ಬೆಳ್ಳಗಾಗಿ, ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಲಗಣ್ಣಿನಲ್ಲಿಯೂ ಪೊರೆ ಶುರುವಾಗಿತ್ತು, ಆದರೆ ಅಡುಗೆ ಮಾಡುವುದು, ಹೊಲಕ್ಕೆ ಹೋಗಿಬರುವುದು ಎಲ್ಲ ಅದರಿಂದಲೇ ನಡೆದಿತ್ತು. ಅವಳು ಟೇಬಲ್ಲಿಗೆ ಬಂದಾಗ ನಾನು ಪಕ್ಕದಲ್ಲೇ ಕೂತು ಶಾಲೆಯ ಮಾಸ್ತರರೊಬ್ಬರಿಗೆ ಯಂತ್ರದ ಗುಣಗಾನ ಮಾಡುತ್ತಿದ್ದೆ. ಹೆಸರು, ವಯಸ್ಸು, ಊರು ಆಯಿತು. "ಯಜಮಾನ್ರ ಹೆಸರೇನವಾ?" ಎಂದು ಮಾವಶಿ ಕೇಳಿದಳು. ಆಕೆ ಸೆರಗು ಎಳೆದುಕೊಂಡು ಹಿಂದೆ ತಿರುಗಿ ನೋಡಿದಳು. "ಅಳಿಯಾ ಹೇಳ್ತಾನ್ರಿ, ಚಾ ಕುಡಿಲಾಕ ಹೋಗ್ಯಾನ," ಎಂದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿದ್ದರೂ ಹೇಳುವುದಿಲ್ಲ. ನನ್ನ ತಾಯಿ ನನ್ನ ತಂದೆಯ ಹೆಸರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಪಡಿತರ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಎಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡಿ ನಗುತ್ತಾಳೆ. ಹಾಗಾಗಿ ಮಾವಶಿ ಹನ್ನೊಂದು ವರ್ಷದಿಂದಲೂ ಹೆಂಗಸರ ಗಂಡಂದಿರ ಹೆಸರನ್ನು ಕೊನೆಗೆ ಬರೆಯುತ್ತಿದ್ದಳು. ಮೊದಲು ಉಳಿದದ್ದೆಲ್ಲ, ಆಮೇಲೆ ಮಗನೋ ಮೈದುನನೋ ಬಂದು ಹೇಳಿದಾಗ ಬಿಟ್ಟ ಜಾಗಕ್ಕೆ ಹೆಸರು. ರಿಜಿಸ್ಟರಿನಲ್ಲಿ ಅದರಿಂದ ಏನೂ ತೊಂದರೆಯಿರಲಿಲ್ಲ. ಕಾಗದದ ಮೇಲೆ ಮೇಲಿನ ಮನೆ ತುಂಬಿಸಿದರೆ ಕೆಳಗಿನ ಮನೆ ಬದಲಾಗುವುದಿಲ್ಲ.

ನನ್ನ ಫಾರ್ಮಿನಲ್ಲಿ ಬದಲಾಗುತ್ತಿತ್ತು. ಮಾವಶಿ ಆಕೆಯ ಒಂದೊಂದೇ ಕಣ್ಣು ಮುಚ್ಚಿ ಬೆರಳು ತೋರಿಸಿ, ಎಡಗಣ್ಣಿನ ವೃತ್ತವನ್ನು ಒತ್ತಿದಳು. ಅಳಿಯ ಮೀಸೆ ಒರೆಸುತ್ತ ಬಂದ. ಮಾವಶಿ ಮೌಸಿನಿಂದ ಮೇಲಿನ ಪೆಟ್ಟಿಗೆಗೆ ಹೋಗಿ, ಅವನು ಹೇಳಿದ ಹೆಸರು ಹೊಡೆದು, ಎಂಟರ್ ಒತ್ತಿದಳು. ನಾನು ಬರೆದ ಆ ಒಂದು ಸಾಲು ಮತ್ತೊಮ್ಮೆ ಓಡಿತು. ಚುಕ್ಕೆ ತಾನಾಗಿಯೇ ಎಡದಿಂದ ಬಲಕ್ಕೆ ಸರಿಯಿತು. ಕಣ್ಣಿನ ಕೆಲಸ ಆಗಲೇ ಮುಗಿದಿದ್ದರಿಂದ ಅವಳು ಮತ್ತೆ ಅತ್ತ ನೋಡಲಿಲ್ಲ, "ಉಳಿಸು" ಒತ್ತಿದಳು. ಪ್ರಿಂಟರ್ ಕರಕರ ಅಂದಿತು. ಚೀಟಿಯಲ್ಲಿ ಬಲಗಣ್ಣು ಎಂದು ಬಂತು. ನಾನು ಫಾರ್ಮನ್ನು ಪರೀಕ್ಷೆ ಮಾಡಿದ್ದು ನನ್ನ ಮೂವರು ಗೆಳೆಯರನ್ನು ಕೂರಿಸಿಕೊಂಡು. ಮೂವರೂ ಗಂಡಸರು. ಅಪ್ಪನ ಹೆಸರು ಕೇಳಿದರೆ ಥಟ್ಟನೆ ಹೇಳುವವರು. ಮೇಲಿನಿಂದ ಕೆಳಗೆ ಒಂದೇ ಓಟ. ಆಳಂದದಲ್ಲಿ ನೋಡುವವರೂ ಆಪರೇಷನ್ ಮಾಡುವವರೂ ಡಾಕ್ಟರರೇ ಆದ್ದರಿಂದ, ಅಲ್ಲಿ ಚೀಟಿ ತಪ್ಪಿದ್ದರೂ ಯಾರ ಗಮನಕ್ಕೂ ಬಂದಿರಲಿಲ್ಲ.

ಆಪರೇಷನ್ ಆದ ಮರುದಿನ ಬೆಳಿಗ್ಗೆ, ನರ್ಸು ಉಪ್ಪಿಟ್ಟು ಹಂಚುತ್ತಿದ್ದಾಗ, ಆ ಹೆಣ್ಣುಮಗಳು ಹಾಸಿಗೆಯ ಮೇಲೆ ಎದ್ದು ಕೂತು ಗಾಳಿಯಲ್ಲಿ ಕೈಯಾಡಿಸುತ್ತಿದ್ದಳು. ಅಳಿಯನನ್ನು ಕರೆಯುತ್ತಿದ್ದಳು. "ಯಾಕಪಾ, ಪೂರಾ ಕತ್ತಲಾಗ್ಯದಲ್ಲ? ಕಾಣೋ ಕಣ್ಣಿಗೇ ಕಟ್ಟ್ಯಾರಲ್ಲೋ ಇವರು!" ಎಂದು ಅಳುತ್ತಿದ್ದಳು. ನರ್ಸು ಉಪ್ಪಿಟ್ಟಿನ ತಾಟು ಕೆಳಗಿಟ್ಟು ಡಾಕ್ಟರರ ಕಡೆ ಓಡಿದಳು. ಕಾಣದ ಕಣ್ಣು ಹಾಗೇ ಇದೆ, ಕಾಣುವ ಕಣ್ಣಿಗೆ ಪಟ್ಟಿ ಬಿದ್ದಿದೆ. ಹನಿ ಹಾಕುವಾಗಲೇ ಯಾಕೆ ಹೇಳಲಿಲ್ಲ ಎಂದರೆ, "ಎರಡೂ ಮಾಡ್ತಾರ ಅಂದ್ಕೊಂಡೇನ್ರಿ. ಡಾಕ್ಟರ್ ಮಂದಿಗೆ ನಾ ಏನು ಹೇಳ್ಲಿ?" ಎಂದಳು.

ಡಾಕ್ಟರರು ಚೀಟಿ ತರಿಸಿ ನೋಡಿದರು. ಅವರು ಅಷ್ಟು ಬಿಳಚಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ. ಆ ಬಲಗಣ್ಣಿಗೆ ಕೀವು ಗೀವು ಆದರೆ ಆಕೆಗೆ ಕಾಣುವ ಒಂದು ಕಣ್ಣೂ ಹೋದಂತೆ. ಅಷ್ಟರಲ್ಲಿ ಇನ್ನೊಬ್ಬ ನರ್ಸು ಬಂದು, ನಿನ್ನೆ ಇನ್ನೂ ಇಬ್ಬರ ಚೀಟಿ ತಪ್ಪಿತ್ತು, ಅವರು ತಾವೇ ಹೇಳಿದ್ದಕ್ಕೆ ಸರಿಪಡಿಸಿಕೊಂಡೆವು ಎಂದಳು. ಅವರಿಬ್ಬರೂ ಹೆಂಗಸರೇ ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ.

"ಮಾವಶಿ, ಏನ್ ಮಾಡಿದಿ ಇದು?" ಎಂದರು ಡಾಕ್ಟರರು.

"ನಾ ಎಡಗಣ್ಣೇ ಒತ್ತೇನ್ರಿ ಸಾಹೇಬ್ರ. ಬೆರಳ ತೋರ್ಸಿ ನೋಡೇ ಒತ್ತೇನಿ. ನಂಗ ಛಲೋತ್ನ್ಯಾಗ ನೆನಪದ."

"ಚೀಟ್ಯಾಗ ಬಲ ಅದಲ್ಲ?"

"ಅದ್ಯಾಂಗ ಬಂತೋ ನಂಗ ತಿಳೀವಲ್ದ್ರಿ. ನಾ ಎಡಾನೇ ಒತ್ತೇನಿ."

ಡಾಕ್ಟರರು ನನ್ನ ಕಡೆ ತಿರುಗಿದರು. "ನಿನ್ನ ಮಷೀನ್ ಏನರ ಗಡಬಡ ಮಾಡ್ಯದೇನು ನೋಡು. ಒಂದು ತಾಸಿನ್ಯಾಗ ಹೇಳು ನನಗ."

ಕಂಪ್ಯೂಟರ್ ಇದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಾವಶಿ ಹೇಗೆ ಕೆಲಸ ಮಾಡುತ್ತಾಳೋ ಹಾಗೆಯೇ ಮಾಡಿ ನೋಡಿದೆ. ಹೆಸರು, ವಯಸ್ಸು, ಊರು, ಗಂಡನ ಹೆಸರು ಖಾಲಿ, ಕಣ್ಣು ಎಡ. ಮತ್ತೆ ಮೇಲೆ ಹೋಗಿ ಗಂಡನ ಹೆಸರು. ಎಂಟರ್. ಚುಕ್ಕೆ ನನ್ನ ಕಣ್ಣೆದುರಿಗೇ ಬಲಕ್ಕೆ ಸರಿಯಿತು. ಮತ್ತೊಮ್ಮೆ ಮಾಡಿದೆ. ಮತ್ತೆ ಸರಿಯಿತು. ಹುಡುಕುವುದೇನೂ ಉಳಿದಿರಲಿಲ್ಲ, ಆ ಸಾಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಬಾಗಿಲು ತೆರೆದು ಹೊರಗೆ ಹೋಗಿ, ತಪ್ಪು ನನ್ನದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಸಿಕೊಳ್ಳುತ್ತಿದ್ದೆ. ಆ ಅಳಿಯ ಎರಡು ಏಟು ಹೊಡೆಯುತ್ತಿದ್ದನೋ ಏನೋ. ಕಂಪೌಂಡರ್ ಖಜೂರಿಯ ಮಾತನ್ನು ಮತ್ತೆ ಎತ್ತುತ್ತಿದ್ದ. ಇಷ್ಟೇ. ಇಷ್ಟಕ್ಕೆ ನನ್ನ ಕೈ ಒಲ್ಲೆ ಅಂದಿತು. ಯೋಚನೆ ಮಾಡಿ ನಿರ್ಧರಿಸಿದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಬೆರಳುಗಳು ಸುಮ್ಮನೆ ಕೆಲಸ ಮಾಡಿದವು. ಆ ಸಾಲು ಅಳಿಸಿದೆ. ಚುಕ್ಕೆ ಎಲ್ಲಿಯೂ ತಾನಾಗಿ ಬೀಳದಂತೆ ಮಾಡಿದೆ. ಖಾಲಿ ಬಿಟ್ಟರೆ ಗಂಟೆ ಬಾರಿಸುವ ಹಳೆಯ ಪಟ್ಟಿಯನ್ನು ಮತ್ತೆ ಜೋಡಿಸಿದೆ. ಹತ್ತೇ ನಿಮಿಷ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇನ್ನೊಂದು ತಪ್ಪನ್ನು ತಿದ್ದಿದ ನೆನಪಿಲ್ಲ.

ಆಮೇಲೆ ಎಲ್ಲರನ್ನೂ ಕರೆದೆ. ಡಾಕ್ಟರರು ಬಂದರು, ಕಂಪೌಂಡರ್ ಬಂದ, ಮಾವಶಿ ಎಲ್ಲರ ಹಿಂದೆ ನಿಂತಳು. ನಾನು ಅವರ ಮುಂದೆ ಹೆಸರು ಹೊಡೆದು, ಎಡಗಣ್ಣು ಒತ್ತಿ, ಚೀಟಿ ತೆಗೆದು ತೋರಿಸಿದೆ. ಎಡಗಣ್ಣು ಎಂದೇ ಬಂತು. ಡಾಕ್ಟರರು ತಲೆಯಾಡಿಸಿದರು. ಆಗ ಮಾವಶಿ, "ತಮ್ಮಾ, ಜರಾ ಸರಿ, ನಾ ಮಾಡಿ ನೋಡ್ತೇನಿ," ಎಂದು ಮುಂದೆ ಬಂದು ಕೂತಳು. ತನ್ನ ರೀತಿಯಲ್ಲೇ ಮಾಡಿದಳು. ಗಂಡನ ಹೆಸರು ಬಿಟ್ಟಳು, ಎಡಗಣ್ಣು ಒತ್ತಿದಳು, ಮೇಲೆ ಹೋದಳು, ಯಾವುದೋ ಒಂದು ಹೆಸರು ಹೊಡೆದಳು, ಎಂಟರ್ ಒತ್ತಿದಳು. ಎಲ್ಲಿ ತಪ್ಪಿರಬಹುದು ಎಂದು ಅವಳಿಗೆ ಒಳಗೊಳಗೇ ಅನುಮಾನ ಬಂದಿತ್ತು, ಇಲ್ಲದಿದ್ದರೆ ಹಾಗೆಯೇ ಮಾಡುತ್ತಿರಲಿಲ್ಲ. ಚುಕ್ಕೆ ಎಡದಲ್ಲೇ ಇತ್ತು. ಮತ್ತೊಮ್ಮೆ ಮಾಡಿದಳು. ಎಡದಲ್ಲೇ. ಮೂರನೆಯ ಸಲವೂ ಎಡದಲ್ಲೇ.

ಅವಳು ಪರದೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ನಾನು ಪ್ರಿಂಟರಿನ ಕಾಗದ ಸರಿಮಾಡತೊಡಗಿದೆ.

"ಹಂಗಾದ್ರ ನಾನೇ ಒತ್ತಿರಬೇಕ್ರಿ ಸಾಹೇಬ್ರ," ಎಂದಳು ಮಾವಶಿ. "ಡಬ್ಬಿ ಸುಳ್ಳ ಹೇಳಂಗಿಲ್ಲಲ್ರಿ. ನಂದೇ ತಪ್ಪಾಗ್ಯದ."

ನಾನು ಕಾಗದ ಸರಿಮಾಡುತ್ತಲೇ ಇದ್ದೆ. ಪಾರಾದೆ ಎಂಬ ಒಂದು ಹಗುರ ಮನಸ್ಸಿಗೆ ಬಂದಿತ್ತು. ಆ ಹಗುರವನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಮಾವಶಿ ನೇರವಾಗಿ ಆ ಹೆಣ್ಣುಮಗಳ ಹಾಸಿಗೆಯ ಹತ್ತಿರ ಹೋದಳು. ಅವಳ ಪಾದ ಹಿಡಿದುಕೊಂಡಳು. ಕಾಲು ಹಿಡಿದವರು ಯಾರೆಂದು ಆಕೆಗೆ ಕಾಣಲೂ ಇಲ್ಲ, "ಯಾರವಾ, ಯಾರು?" ಎಂದು ತಡಕಾಡಿದಳು. ಪಟ್ಟಿ ಬಿಚ್ಚುವವರೆಗೆ ಐದು ದಿನ ಮಾವಶಿಯೇ ಆಕೆಗೆ ಉಣಿಸಿದಳು, ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿಬಂದಳು. ದೇವರ ದಯೆ, ಬಲಗಣ್ಣಿಗೆ ಏನೂ ಆಗಲಿಲ್ಲ, ದಪ್ಪ ಕನ್ನಡಕ ಹಾಕಿಕೊಂಡರೆ ಚೆನ್ನಾಗಿಯೇ ಕಂಡಿತು. ಎಡಗಣ್ಣಿಗೆ ಮೂರು ತಿಂಗಳ ಮೇಲೆ ಆಳಂದಕ್ಕೆ ಕರೆಸಿ ಆಪರೇಷನ್ ಮಾಡಿದರು. ಆಕೆ ಬಂದ ದಿನ ನಾನು ದವಾಖಾನೆಯ ಕಡೆ ಸುಳಿಯಲಿಲ್ಲ, ಜ್ವರ ಎಂದು ಹೇಳಿ ಕಳಿಸಿದೆ.

ಡಾಕ್ಟರರು ಮಾವಶಿಯನ್ನು ಕೆಲಸದಿಂದ ತೆಗೆಯಲಿಲ್ಲ. ಟೇಬಲ್ಲಿನಿಂದ ಎಬ್ಬಿಸಿ ಅರಿವೆ ಮಡಚುವ ಕೆಲಸಕ್ಕೆ ಹಾಕಿದರು, ಅಷ್ಟೇ. ಹುಬ್ಬಿನ ಮೇಲಿನ ಪಟ್ಟಿಯನ್ನು ಮತ್ತೆ ಶುರು ಮಾಡಿಸಿದರು. ಎರಡು ತಿಂಗಳಾದ ಮೇಲೆ ಅವಳೇ ಕೆಲಸ ಬಿಟ್ಟು ಜೇವರ್ಗಿಯಲ್ಲಿದ್ದ ಮಗಳ ಮನೆಗೆ ಹೋದಳು. ಹೋಗುವ ದಿನ ನನಗೆ, "ನಿನ್ನ ಡಬ್ಬಿಗೆ ಕೆಟ್ಟ ಹೆಸರ ತಂದ್ನಲ್ಲ ತಮ್ಮಾ," ಎಂದಳು. ನಾನು, "ಇರ್ಲಿ ಬಿಡ್ರಿ ಮಾವಶಿ," ಎಂದೆ. ನೋಡಿ, ಕ್ಷಮಿಸಿದವನು ನಾನು.

ನನ್ನ ಹೆಸರು ಮಾತ್ರ ಮೇಲಕ್ಕೆ ಹೋಯಿತು. ಎಂಥ ಗದ್ದಲದಲ್ಲೂ ಯಂತ್ರದಲ್ಲಿ ದೋಷವಿಲ್ಲ ಎಂದು ಎಲ್ಲರ ಮುಂದೆ ತೋರಿಸಿಕೊಟ್ಟವನು ಎಂದು ಡಾಕ್ಟರರೇ ನಾಲ್ಕು ಕಡೆ ಹೇಳಿದರು. ತೊಗರಿ ವ್ಯಾಪಾರದವರು ಕರೆದರು, ಒಂದೆರಡು ಶಾಲೆಗಳು ಕರೆದವು. ನಾನು ಕಟ್ಟಿದ ಫಾರ್ಮುಗಳು ಆಮೇಲೆ ನಿಜವಾಗಿಯೂ ಒಳ್ಳೆಯವಾದವು. ಯಾವುದನ್ನೂ ತಾನಾಗಿ ತುಂಬಿಸಲು ಬಿಡುತ್ತಿರಲಿಲ್ಲ. ಜನ ಹೇಗೆ ಬರೆಯುತ್ತಾರೆ ಎಂದು ಪಕ್ಕದಲ್ಲಿ ಎರಡು ದಿನ ಸುಮ್ಮನೆ ಕೂತು ನೋಡದೆ ಒಂದು ಪೆಟ್ಟಿಗೆಯನ್ನೂ ಇಡುತ್ತಿರಲಿಲ್ಲ. ಮೇಲೆ ಕೆಳಗೆ ಹೇಗೆ ಓಡಾಡಿದರೂ ಬರೆದದ್ದು ಬರೆದಲ್ಲೇ ಇರಬೇಕು ಎಂದು ಹಟ ಹಿಡಿಯುತ್ತಿದ್ದೆ. ಇದೆಲ್ಲ ಎಲ್ಲಿ ಕಲಿತಿ ಎಂದು ಯಾರಾದರೂ ಕೇಳಿದರೆ ಗುಲ್ಬರ್ಗದಲ್ಲಿ ಎನ್ನುತ್ತಿದ್ದೆ.

ಮೂರು ವರ್ಷದ ಮೇಲೆ ಜೇವರ್ಗಿಯಲ್ಲಿ ಒಂದು ಕೆಲಸ ಬಂತು. ಮೂರು ದಿನ ಅಲ್ಲಿದ್ದೆ. ಎರಡು ದಿನ ಮಾವಶಿಯ ಮಗಳ ಮನೆ ಇರುವ ಓಣಿಯನ್ನು ಬಿಟ್ಟು ಸುತ್ತುಹಾಕಿ ಹೋದೆ. ಮೂರನೆಯ ದಿನ ಮಧ್ಯಾಹ್ನ ಅಲ್ಲಿಗೇ ಹೋದೆ. ಯಾಕೆ ಹೋದೆ ಎಂದರೆ, ತಡೆಯಲಾಗಲಿಲ್ಲ, ಅಷ್ಟೇ. ಹೇಳಿ ಹಗುರಾಗಬೇಕು ಎಂಬ ಸ್ವಾರ್ಥ ಅದರಲ್ಲಿ ಇರಲಿಲ್ಲ ಎಂದು ಹೇಳಲಾರೆ.

ಮಾವಶಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಏನೂ ಕೆಲಸವಿರಲಿಲ್ಲ. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನನ್ನು ಕಂಡು ಮುಖ ಅರಳಿತು. "ಬಾ ತಮ್ಮಾ ಬಾ, ಎಷ್ಟ ದಿನಾತು! ಕುಂದ್ರು," ಎಂದಳು. ಮಗಳು ತಂಬಿಗೆಯಲ್ಲಿ ನೀರು ತಂದಿಟ್ಟಳು. ಹೇಗಿದ್ದೀರಿ ಎಂದು ಕೇಳಿದೆ.

"ನಂದೇನದ ತಮ್ಮಾ. ಆಗಿಂದ ನಂಗ ನನ್ನ ಮ್ಯಾಲೇ ಭರೋಸಾ ಇಲ್ದಂಗ ಆಗ್ಯದ. ಮೊಮ್ಮಗನಿಗೆ ಔಷಧ ಹಾಕಾಕೂ ಅಂಜಿಕಿ ಬರ್ತದ. ಒಂದ ಅನ್ಕೊಂಡು ಒಂದ ಹಾಕಿದ್ರ? ನೆನಪು ಖರೇ ಅಂತದ, ಕೈ ಬ್ಯಾರೇನೇ ಮಾಡಿರ್ತದ. ಅವತ್ತ ನೋಡಿದಿ ಅಲಾ ನೀನೂ. ಒಂದ ಅಕ್ಷರ ಬರಿಯೋದೂ ಬಿಟ್ಟೇನಿ."

ಮಗಳು ಬಾಗಿಲಲ್ಲಿ ನಿಂತು, "ಏನ ಮಾಡಾಕೂ ಮುಂದ ಬರಂಗಿಲ್ರಿ ಅವ್ವ. ನಾವು ಏನ ಅಂದ್ರೂ ತಲಿ ಕೆಟ್ಟದ ನಂದು ಅಂತಾಳ," ಎಂದಳು.

ನಾನು ಬಂದದ್ದು ಒಂದು ಚೀಟಿಯ ತಪ್ಪನ್ನು ಒಪ್ಪಿಕೊಳ್ಳಲು. ಇದು ನನಗೆ ಗೊತ್ತಿರಲಿಲ್ಲ. ಅವಳು ಮೂರು ವರ್ಷದಿಂದ ತನ್ನ ತಲೆ ಕೆಟ್ಟಿದೆ ಎಂದು ನಂಬಿಕೊಂಡು ಗೋಡೆಗೆ ಒರಗಿ ಕೂತಿದ್ದಾಳೆ ಎಂದು ಯಾರು ಊಹಿಸಿದ್ದರು? ನೀರಿನ ತಂಬಿಗೆ ಕೆಳಗಿಟ್ಟು ಹೇಳಿದೆ. ಗಂಡನ ಹೆಸರಿನ ಪೆಟ್ಟಿಗೆ, ಆ ಸಾಲು, ಬಲಕ್ಕೆ ಸರಿದ ಚುಕ್ಕೆ, ಎಲ್ಲ ಹೇಳಿದೆ. "ನೀವು ಎಡಗಣ್ಣೇ ಒತ್ತಿದ್ರಿ ಮಾವಶಿ. ನಿಮ್ಮದು ಏನೂ ತಪ್ಪಿಲ್ಲ," ಎಂದೆ.

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ಕೇಳಿದಳು, "ನಾ ಕುಂತು ಮೂರ ಸಲ ಒತ್ತಿ ನೋಡಿದ್ನಲ್ಲ, ಆಗ ನಿಮಗ ಗೊತ್ತಿತ್ತೇನ್ರಿ?"

ಈ ಸಲ ಅವಳು ತಮ್ಮಾ ಅನ್ನಲಿಲ್ಲ. "ಗೊತ್ತಿತ್ರಿ," ಎಂದೆ.

"ಬಾ ಇಲ್ಲಿ," ಎಂದು ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಇನ್ನೊಮ್ಮೆ ಹೇಳ್ರಿ. ಈಕಿ ಕೇಳ್ಲಿ." ಮಗಳ ಮುಂದೆ ಮತ್ತೆ ಎಲ್ಲ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಹೇಳುವಾಗ ಮಾವಶಿ ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಮಗಳು ಅಳತೊಡಗಿದಳು. ಮಾವಶಿ ಅಳಲಿಲ್ಲ.

"ಡಾಕ್ಟರ್ ಸಾಹೇಬ್ರಿಗೆ ಹೇಳೀರೇನು?" ಎಂದು ಕೇಳಿದಳು.

"ಇಲ್ರಿ."

"ಆ ಹೆಣ್ಮಗಳಿಗೆ? ನಾ ಆಕಿ ಕಾಲ ಹಿಡದೀನಿ."

"ಇಲ್ರಿ. ಹೇಳ್ತೇನಿ. ನಾಳೆನೇ ಹೋಗಿ ಹೇಳ್ತೇನಿ."

ಮಗಳು ಕಣ್ಣೊರೆಸಿಕೊಂಡು ಚಹಾ ಇಡಲು ಎದ್ದಳು. ಮಾವಶಿ ಅವಳ ಸೆರಗು ಹಿಡಿದು ಕೂರಿಸಿದಳು. "ಹೇಳಿ ಬರ್ರಿ," ಎಂದಳು ನನಗೆ. "ಹೇಳಿ ಬಂದ ಮ್ಯಾಲ ಚಾ ಕುಡೀರಂತ." ನಮ್ಮ ಕಡೆ ಮನೆಗೆ ಬಂದ ಶತ್ರುವಿಗೂ ಚಹಾ ಕೊಡದೆ ಕಳಿಸುವುದಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಮರುದಿನ ಆಳಂದದಲ್ಲಿ ದವಾಖಾನೆಗೆ ಹೋದೆ. ಹೇಳಬೇಕೆಂದೇ ಹೋದೆ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಡಾಕ್ಟರರು ನನ್ನನ್ನು ಕಂಡವರೇ ಎದ್ದು ನಿಂತು, ಪಕ್ಕದಲ್ಲಿ ಕೂತಿದ್ದ ಇಬ್ಬರು ಹೊಸಬರಿಗೆ, "ನೋಡ್ರಿ, ನಾ ಹೇಳ್ತಿದ್ನಲ್ಲ, ಇವನೇ ಅವ. ಇವನ ಮಷೀನ್ ತಪ್ಪ ಮಾಡಂಗಿಲ್ಲ," ಎಂದು ಬೆನ್ನು ತಟ್ಟಿದರು. ಕುರ್ಚಿ ಎಳೆದು ಕೂರಿಸಿದರು. ಹೇಗೆ ನಡೆದಿದೆ ಕೆಲಸ ಎಂದು ಕೇಳಿದರು. ಚಲೋ ನಡೆದಿದೆ ಎಂದೆ. ಚಹಾ ತರಿಸಿದರು. ಕುಡಿದೆ.